ಕೂಳೆ ಕೋಲಿನಿಂದ ಸಾಮಾನು ಮಾಡೋದು: ಡಿಸೈನ್ ಎಲ್ಲಿಂದ ಶುರು ಮಾಡ್ತೀರಿ?

ಮೂರ್ಕಾಲಿ

ಎಲ್ಲರಿಗೂ ನಮಸ್ಕಾರ. ಬುಡಕ್ಕೆ ಕಡಿದ ಮರ ಮತ್ತೆ ಚಿಗುರಿ ಕೋಲು ಕೊಡುತ್ತದಲ್ಲ, ಕಾಪಿಸ್ ಅಂತಾರೆ, ಆ ತರದ ಕೂಳೆ ಮರ ನನ್ನ ಹತ್ತಿರ ಸಾಕಷ್ಟಿದೆ. ಜಾಸ್ತಿ ಗ್ಲಿರಿಸಿಡಿಯಾ ಮತ್ತು ಹಿಪ್ಪುನೇರಳೆ, ಸ್ವಲ್ಪ ತೇಗ. ಹೆಬ್ಬೆರಳಿನ ಗಾತ್ರದಿಂದ ಮಣಿಕಟ್ಟಿನ ಗಾತ್ರದವರೆಗೆ ಎಲ್ಲಾ ಇದೆ. ಇಷ್ಟು ದಿನ ಸೌದೆಗೆ ಹೋಗುತ್ತಿತ್ತು.

ಒಂದು ಸ್ಟೂಲ್ ಮಾಡಬೇಕು, ಗೋಡೆಗೊಂದು ಶೆಲ್ಫ್, ಧೈರ್ಯ ಬಂದರೆ ಒಂದು ಕುರ್ಚಿ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿ ಇಟ್ಟುಕೊಂಡಿದ್ದೇನೆ. ಸ್ಟೂಲಿನ ಕಾಲು 35 ಮಿ.ಮೀ. ದಪ್ಪ, 450 ಮಿ.ಮೀ. ಉದ್ದ, ನೆಟ್ಟಗೆ. ರಾಶಿಯಿಂದ ಒಂದು ಕೋಲು ಎತ್ತಿಕೊಂಡರೆ ಬುಡದಲ್ಲಿ 42, ತುದಿಯಲ್ಲಿ 31, ನಡುವೆ ಒಂದು ಡೊಂಕು. ಯಾವ ಕೋಲೂ ಡ್ರಾಯಿಂಗಿನ ಮಾತು ಕೇಳುವ ಹಾಗೆ ಕಾಣುತ್ತಿಲ್ಲ.

ನೀವೆಲ್ಲ ಡಿಸೈನ್ ಮೊದಲು ಮಾಡಿ ಕೋಲು ಹುಡುಕುತ್ತೀರಾ, ಕೋಲು ನೋಡಿ ಡಿಸೈನ್ ಮಾಡುತ್ತೀರಾ?

ಹತ್ತರಿ

ಮೊದಲು ಎಲ್ಲವನ್ನೂ ಚೌಕ ಮಾಡಿ. 42 ಇದ್ದಿದ್ದು 28ರ ಚೌಕ ಆಗುತ್ತದೆ, ಆಗಲಿ. ಅಳತೆ ಸರಿ ಇದ್ದರೆ ಮುಂದಿನದೆಲ್ಲ ಸಲೀಸು. ಉರುಟು ಕೋಲಿಗೆ ಗೆರೆ ಎಳೆಯೋದೇ ಕಷ್ಟ, ಇನ್ನು ತೂತು ನೇರ ಕೊರೆಯೋದು ಎಲ್ಲಿಂದ ಬಂತು.

ಬುಡಚಿಗುರು

ಹತ್ತರಿ ಅವರೇ, ದಯವಿಟ್ಟು ಅದೊಂದು ಬೇಡ. ಕೂಳೆ ಕೋಲಿನ ಗಟ್ಟಿತನ ಇರುವುದೇ ಅದರ ನಾರಿನ ಎಳೆ ಬುಡದಿಂದ ತುದಿಯವರೆಗೆ ಕಡಿಯದೆ ಓಡುವುದರಲ್ಲಿ. ಡೊಂಕು ಕೋಲನ್ನು ಗರಗಸದಲ್ಲಿ ಚೌಕ ಮಾಡಿದರೆ ಡೊಂಕು ಇದ್ದ ಜಾಗದಲ್ಲೆಲ್ಲ ಎಳೆ ಪಕ್ಕದಿಂದ ಹೊರಗೆ ಹೋಗುತ್ತದೆ. ಕಣ್ಣಿಗೆ ನೇರ ಕಾಣುತ್ತದೆ, ಭಾರ ಬಿದ್ದಾಗ ಮಾತ್ರ ಅಲ್ಲೇ ಸಿಗಿಯುತ್ತದೆ. ಅದೂ ಅಲ್ಲದೆ 42ರ ಕೋಲಿನಿಂದ 28ರ ಚೌಕ ತೆಗೆದರೆ ಅರ್ಧ ಮರ ಹೊಟ್ಟಾಗಿ ಹೋಗುತ್ತದೆ. ಉಳಿಯುವ ಅರ್ಧ ಯಾವುದು? ತಿರುಳಿನ ಸುತ್ತಲಿನದು. ಅಂದರೆ ಕೋಲಿನಲ್ಲಿ ಇರುವ ಅತಿ ಎಳಸು ಭಾಗ.

ಮೂರ್ಕಾಲಿ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಡ್ರಾಯಿಂಗಿನಲ್ಲಿ ಎಲ್ಲಾ ಅಳತೆಯನ್ನೂ ಬಿಗಿ ಹಿಡಿಯಬೇಡಿ. ಎರಡೇ ಎರಡು ಬಿಗಿ ಹಿಡಿಯಿರಿ. ಒಂದು, ಕೋಲು ಎಲ್ಲಿ ಇನ್ನೊಂದಕ್ಕೆ ಸೇರುತ್ತದೋ ಆ ತುದಿಯ ದಪ್ಪ. ಇನ್ನೊಂದು, ಆ ಸೇರುವ ಜಾಗಗಳ ನಡುವಿನ ದೂರ. ತುದಿ 25 ಮಿ.ಮೀ. ಅಂದರೆ ಎಲ್ಲಾ ತುದಿಯೂ 25. ಮಧ್ಯದಲ್ಲಿ ಕೋಲಿನ ಮೈ 31 ಇರಲಿ, 42 ಇರಲಿ, ಡೊಂಕಿರಲಿ, ಅದು ಅದರ ಪಾಡಿಗೆ ಇರುತ್ತದೆ. ಸ್ಟೂಲಿಗೆ ಏನೂ ಆಗುವುದಿಲ್ಲ.

ಕೋಲು ಆರಿಸಲು ಒಂದು ಪ್ಲೈವುಡ್ ತುಂಡಿಗೆ 20, 25, 30, 35, 40 ಮಿ.ಮೀ. ತೂತು ಕೊರೆದುಕೊಳ್ಳಿ. ಬುಡದ ಕಡೆಯಿಂದಲೇ ತೂರಿಸಿ ನೋಡಿ. 35ರಲ್ಲಿ ನುಗ್ಗದೆ 40ರಲ್ಲಿ ನುಗ್ಗಿದ್ದೆಲ್ಲ ಒಂದು ರಾಶಿ. ಹೀಗೆ ರಾಶಿ ಬಿದ್ದ ಮೇಲೆ ಯಾವ ರಾಶಿ ದೊಡ್ಡದು ನೋಡಿ. ನೀವು ಏನು ಮಾಡಬೇಕು ಅನ್ನೋದು ಆ ರಾಶಿಯಲ್ಲಿದೆ. 20-25ರದ್ದೇ ಜಾಸ್ತಿ ಇದ್ದರೆ ಸ್ಟೂಲ್ ಬಿಟ್ಟು ಶೆಲ್ಫ್ ಮೊದಲು ಮಾಡಿ.

ಮೂರ್ಕಾಲಿ

ಡೊಂಕು ಕೋಲಿಗೆ ಅಳತೆ ಎಲ್ಲಿಂದ ಹಿಡಿಯೋದು ಸರ್? ಹೊರಮೈಯಿಂದ ಹಿಡಿದರೆ ಎರಡು ಕೋಲಿಗೆ ಎರಡು ಲೆಕ್ಕ ಬರುತ್ತಿದೆ.

ಬುಡಚಿಗುರು

ಹೊರಮೈ ಮರೆತುಬಿಡಿ. ಎರಡೂ ತುದಿಯ ನಡುಬಿಂದು ಗುರುತು ಮಾಡಿ, ಅಲ್ಲಿಂದ ಅಲ್ಲಿಗೆ ದಾರ ಬಿಗಿದುಕೊಳ್ಳಿ. ಆ ದಾರವೇ ನಿಮ್ಮ ಕಾಲು. ಡ್ರಾಯಿಂಗಿನಲ್ಲಿ ಎಳೆದ ಗೆರೆಯೂ ಅದೇ. ಕೋಲು ದಾರದಿಂದ ಯಾವ ಕಡೆಗೆ ಉಬ್ಬಿದೆ ನೋಡಿ ಪೆನ್ಸಿಲಿನಲ್ಲಿ ಒಂದು ಬಾಣ ಹಾಕಿ. ಜೋಡಿಸುವಾಗ ಮೂರು ಕಾಲಿನ ಬಾಣವೂ ಹೊರಗೆ ಮುಖ ಮಾಡಲಿ. ಡೊಂಕು ಹೆಚ್ಚುಕಮ್ಮಿ ಇದ್ದರೂ ಸ್ಟೂಲ್ ಒಂದೇ ಕೈಯಲ್ಲಿ ಮಾಡಿದ ಹಾಗೆ ಕಾಣುತ್ತದೆ. ಒಂದು ಬಾಣ ಒಳಗೆ ಹೋದರೆ ಸಾಕು, ಕುಂಟ ಕಾಣುತ್ತದೆ.

ತಡಿಕೆ

ಚರ್ಚೆ ಸ್ಟೂಲಿಗೇ ಅಂಟಿಕೊಂಡಿದೆ, ಸ್ವಲ್ಪ ತಡಿಕೆ ಕಡೆಗೂ ಬನ್ನಿ. ಕೂಳೆ ಕೋಲಿನ ಡಿಸೈನ್ ಕಲಿಯಬೇಕು ಅಂದರೆ ಹೇಜಲ್ ತಡಿಕೆ ನೋಡಬೇಕು. ಇಂಗ್ಲೆಂಡಿನಲ್ಲಿ ಹೇಜಲ್ ಪೊದೆಗಳನ್ನು 7ರಿಂದ 10 ವರ್ಷಕ್ಕೊಮ್ಮೆ ಬುಡಕ್ಕೆ ಕಡಿದು ಹೆಣೆಯುವ ಬೇಲಿ ಅದು. ಮೊಳೆ ಇಲ್ಲ, ತಂತಿ ಇಲ್ಲ, ಕಟ್ಟೂ ಇಲ್ಲ.

ಕೆಳಗೆ ಒಂದು ಭಾರದ ದಿಮ್ಮಿ. ಅದರಲ್ಲಿ ಸಾಲಾಗಿ ತೂತು, ತೂತಿಗೊಂದು ನಿಲುಕೋಲು. ನಿಲುಕೋಲಿನ ನಡುವೆ ಸೀಳಿದ ಕೋಲನ್ನು ಒಳಗೆ ಹೊರಗೆ ಹೆಣೆಯುತ್ತಾ ಹೋಗುವುದು. ಕೊನೆಯ ನಿಲುಕೋಲಿಗೆ ಬಂದಾಗ ತಿರುಗಿಸಿ ವಾಪಸ್ ತರಬೇಕು. ಅಲ್ಲಿ ಸುಮ್ನೆ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಬಗ್ಗಿಸುವ ಮೊದಲು ಕೋಲನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಬೇಕು. ಆಗ ಆ ಒಂದು ಗೇಣು ಜಾಗದಲ್ಲಿ ನಾರುಗಳು ಒಂದನ್ನೊಂದು ಬಿಟ್ಟುಕೊಂಡು ಹುರಿಯಾಗುತ್ತವೆ. ಚಟಚಟ ಅಂತ ಸಣ್ಣ ಸದ್ದು ಬರುತ್ತದೆ, ಹೆದರಬೇಡಿ. ಆಮೇಲೆ ಅದೇ ಕೋಲು ನಿಲುಕೋಲನ್ನು ಸುತ್ತಿಕೊಂಡು ಮುರಿಯದೆ ತಿರುಗುತ್ತದೆ. ಗಟ್ಟಿ ಮರವನ್ನು ಬೇಕಾದ ಒಂದು ಜಾಗದಲ್ಲಿ ಮಾತ್ರ ಮೆತ್ತಗೆ ಮಾಡುವುದು. ಇದಕ್ಕಿಂತ ಒಳ್ಳೆ ಕೀಲು ಯಾವುದಿದೆ?

ಇನ್ನೊಂದು ಜಾಣತನ ಆ ದಿಮ್ಮಿಯಲ್ಲಿದೆ. ತೂತಿನ ಸಾಲು ನೇರ ಇರುವುದಿಲ್ಲ, ತುಸು ಬಾಗಿರುತ್ತದೆ. ಹಾಗಾಗಿ ತಡಿಕೆಯೂ ಬಾಗಿಯೇ ಹೊರಬರುತ್ತದೆ. ಒಂದರ ಮೇಲೊಂದು ಪೇರಿಸಿ ಇಟ್ಟಾಗ ಭಾರಕ್ಕೆ ಚಪ್ಪಟೆ ಆಗುತ್ತದೆ, ಚಪ್ಪಟೆ ಆಗುವಾಗ ಹೆಣಿಗೆ ಬಿಗಿಯಾಗುತ್ತದೆ. ಹಸಿ ಕೋಲು ಒಣಗಿ ಸಡಿಲ ಆಗುತ್ತದಲ್ಲ, ಆ ಸಡಿಲಕ್ಕೆ ಮೊದಲೇ ಲೆಕ್ಕ ಇಟ್ಟ ಹಾಗೆ.

ಗಂಟುಗಳ್ಳ

ಕೋಲು ಸೀಳುವಾಗ ಸೀಳು ಒಂದೇ ಪಕ್ಕಕ್ಕೆ ಓಡಿಹೋಗುತ್ತದೆ, ಕೊನೆಗೆ ಒಂದು ಕಡೆ ಚಕ್ಕೆ, ಒಂದು ಕಡೆ ಪೂರ್ತಿ ಕೋಲು. ಇದಕ್ಕೇನು ಮಾಡ್ತೀರಿ ತಡಿಕೆಯವರೇ?

ತಡಿಕೆ

ದಪ್ಪ ಇರುವ ಕಡೆಯನ್ನು ಬಗ್ಗಿಸಿ. ಯಾವ ಅರ್ಧ ಜಾಸ್ತಿ ಬಗ್ಗುತ್ತದೋ ಸೀಳು ಆ ಕಡೆಗೆ ತಿರುಗುತ್ತದೆ. ತೆಳು ಭಾಗವನ್ನು ನೇರ ಹಿಡಿದು ದಪ್ಪ ಭಾಗವನ್ನು ಮೆಲ್ಲಗೆ ಎಳೆದರೆ ಸೀಳು ನಡುವಿಗೆ ವಾಪಸ್ ಬರುತ್ತದೆ. ಪೂರ್ತಿ ಓಡಿಹೋದ ಮೇಲೆ ಎಳೆದರೆ ಬರಲ್ಲ, ಶುರುವಿನಲ್ಲೇ ಹಿಡಿಯಬೇಕು. ಶುರು ಮಾಡುವುದು ಸಣ್ಣ ತುದಿಯಿಂದ, ಅಲ್ಲಿ ನಡುಮಧ್ಯ ಹಿಡಿಯುವುದು ಸುಲಭ. ಗಂಟು ಬಂದರೆ ಗಂಟಿನ ನಡುವೆಯೇ ಹಾಯಬೇಕು, ಪಕ್ಕದಲ್ಲಿ ಹೋದರೆ ಆಟ ಮುಗಿಯಿತು.

ಹತ್ತರಿ

ತಡಿಕೆ ಸರಿ. ಬೇಲಿ ಮೇಲೆ ಯಾರೂ ಕೂರುವುದಿಲ್ಲ. ಕುರ್ಚಿ ಮೇಲೆ ಕೂರುತ್ತಾರೆ. ನನ್ನ ತಕರಾರು ಬೇರೆ. ಬುಡಚಿಗುರು ಅವರೇ ಹೇಳಿದರು ತಿರುಳಿನ ಸುತ್ತಲಿನದು ಎಳಸು ಅಂತ. ಎಂಟು ಹತ್ತು ವರ್ಷದ ಕೋಲು ಅಂದರೆ ಹೆಚ್ಚುಕಮ್ಮಿ ಪೂರ್ತಿ ಅದೇ ಅಲ್ವಾ? ಎಳಸು ಮರದ ನಾರು ಗಿಡ್ಡ. ಬೆಳೆದ ಮರ ಉದ್ದುದ್ದಕ್ಕೆ ಕುಗ್ಗುವುದೇ ಇಲ್ಲ ಅನ್ನಬಹುದು, ಎಳೆ ಮರ ಕುಗ್ಗುತ್ತದೆ, ಅದಕ್ಕೇ ಒಣಗುವಾಗ ಸೊಟ್ಟಗಾಗುತ್ತದೆ. ಇಂಥದ್ದರಲ್ಲಿ ಪೀಠೋಪಕರಣ ಮಾಡಿ ಅನ್ನೋದು ಎಷ್ಟು ಸರಿ?

ಬುಡಚಿಗುರು

ಒಳ್ಳೆ ತಕರಾರು. ಎಳೆ ಮರದ ವಿಷಯ ನಿಜ, ಅದನ್ನು ಒಪ್ಪಬೇಕು. ಆದರೆ ಇನ್ನೆರಡು ಮಾತು ಸೇರಿಸುತ್ತೇನೆ.

ಆಶ್, ಓಕ್ ತರದ ಮರಗಳಲ್ಲಿ ಪ್ರತಿ ವರ್ಷದ ಉಂಗುರದ ಶುರುವಿನಲ್ಲಿ ದೊಡ್ಡ ತೂತುಗಳ ಒಂದು ಸಾಲು ಬರುತ್ತದೆ. ಮರ ಬೇಗ ಬೆಳೆಯಲಿ ನಿಧಾನ ಬೆಳೆಯಲಿ, ಆ ಸಾಲಿನ ಅಗಲ ಹೆಚ್ಚುಕಮ್ಮಿ ಅಷ್ಟೇ. ಬೇಗ ಬೆಳೆದರೆ ಜಾಸ್ತಿ ಆಗುವುದು ಅದರ ನಂತರದ ಗಟ್ಟಿ ಭಾಗ. ಅಂದರೆ ಈ ಜಾತಿಯಲ್ಲಿ ಅಗಲ ಉಂಗುರದ ಮರವೇ ತೂಕ, ಅದೇ ಗಟ್ಟಿ. ಕಡಿದ ಬುಡಕ್ಕೆ ಹಳೆಯ ಬೇರು ಪೂರ್ತಿ ಇರುತ್ತದೆ, ಹಾಗಾಗಿ ಚಿಗುರು ಮೊದಲ ವರ್ಷಗಳಲ್ಲಿ ಭರದಿಂದ ಏಳುತ್ತದೆ. ಗುದ್ದಲಿ ಕೊಡಲಿಗಳ ಕಾವಿಗೆ ಕೂಳೆ ಆಶ್ ಹೆಸರಾಗಿದ್ದು ಇದರಿಂದಲೇ. ಎಲ್ಲಾ ಮರಕ್ಕೂ ಈ ಲೆಕ್ಕ ಕೂಡುವುದಿಲ್ಲ. ಗ್ಲಿರಿಸಿಡಿಯಾದಲ್ಲಿ ತೂತು ಉಂಗುರದ ತುಂಬಾ ಚದುರಿರುತ್ತದೆ, ಅಲ್ಲಿ ಇದನ್ನು ಹೇಳಬೇಡಿ.

ಇನ್ನೊಂದು: ಎಳೆ ಮರ ಅಂದಾಕ್ಷಣ ಬಲವಿಲ್ಲ ಅಂತಲ್ಲ, ಗರಗಸದಲ್ಲಿ ಕುಯ್ದ ಎಳೆ ಮರಕ್ಕೆ ಬಲ ಕಮ್ಮಿ. ಸೀಳಿದ್ದಕ್ಕೋ ಉರುಟಾಗಿ ಬಿಟ್ಟಿದ್ದಕ್ಕೋ ನಾರಿನ ಎಳೆ ಅಖಂಡ ಇರುತ್ತದೆ, ಅದರ ಕತೆಯೇ ಬೇರೆ. ಸೊಟ್ಟಗಾಗುವುದಕ್ಕೆ ಮದ್ದು ಒಂದೇ. ಮೊದಲು ಸೊಟ್ಟಗಾಗಲು ಬಿಡಿ, ಆಮೇಲೆ ಅಳತೆ ಹಿಡಿಯಿರಿ.

ಮೂರ್ಕಾಲಿ ಅವರ ಹತ್ತಿರ ಹಿಪ್ಪುನೇರಳೆ ಇರುವುದು ಅದೃಷ್ಟ. ಹಾಕಿ ಸ್ಟಿಕ್ಕಿಗೆ ಬಳಸುವ ಮರ ಅದು. ಏಟು ತಡೆಯುತ್ತದೆ, ಬಗ್ಗುತ್ತದೆ. ಕುರ್ಚಿಯ ಬೆನ್ನಿಗೆ ಅದನ್ನೇ ಇಟ್ಟುಕೊಳ್ಳಿ.

ನೆರಳುನಾರು

ನನಗೆ ಗಟ್ಟಿಯ ಚಿಂತೆ ಅಲ್ಲ, ನೋಟದ ಚಿಂತೆ. ಕೋಲಿನಲ್ಲಿ ಮಾಡಿದ್ದೆಲ್ಲ ಯಾಕೆ ರೆಸಾರ್ಟಿನ ಗೇಟಿನ ತರ ಕಾಣುತ್ತದೆ? ತೊಗಟೆ ಹಾಗೇ ಬಿಟ್ಟು, ಮೇಲೆ ಹೊಳೆಯುವ ವಾರ್ನಿಷ್ ಬಳಿದು, "ನೋಡಿ ನಾನು ಕಾಡಿನಿಂದ ಬಂದೆ" ಅಂತ ಕೂಗುತ್ತಿರುತ್ತದೆ. ಕೂಳೆ ಮರದ ಕೆಲಸ ಸುಮ್ಮನೆ, ಹಗುರವಾಗಿ ಇರೋಕೆ ಸಾಧ್ಯವೇ ಇಲ್ವಾ?

ಗಂಟುಗಳ್ಳ

ಹಹ್ಹಾ, ವಾರ್ನಿಷ್ ಬಗ್ಗೆ ಸಾವಿರ ಸಲ ನಿಜ.

ಬುಡಚಿಗುರು

ದಪ್ಪ ಜಾಸ್ತಿ ಆಗಿರೋದೇ ಕಾರಣ ಅಂತ ನನ್ನ ಅನಿಸಿಕೆ. ಕೋಲಿನ ಮೇಲೆ ನಂಬಿಕೆ ಇಲ್ಲದವರು 60-70 ಮಿ.ಮೀ. ಕೋಲು ಹಾಕುತ್ತಾರೆ. ಸೀಳಿದ ಮರಕ್ಕೆ ಅಷ್ಟು ಬೇಕಿಲ್ಲ. ಸಸೆಕ್ಸ್ ಟ್ರಗ್ ಅನ್ನೋ ಬುಟ್ಟಿ ನೋಡಿ. ಸೀಳಿದ ಕೂಳೆ ಚೆಸ್ಟ್‌ನಟ್‌ನ ಒಂದು ಪಟ್ಟಿ ಬಾಗಿಸಿ ಬಾಯಿ, ಇನ್ನೊಂದು ಪಟ್ಟಿ ಬಾಗಿಸಿ ಹಿಡಿ, ನಡುವೆ ವಿಲ್ಲೋದ ತೆಳು ಹಲಗೆಗಳು. ಪಟ್ಟಿಯ ಹೊರಮೈಯಲ್ಲಿ ತೊಗಟೆ ಹಾಗೇ ಇರುತ್ತದೆ. ಆದರೂ ಯಾರೂ ಅದನ್ನು ಒರಟು ಅನ್ನುವುದಿಲ್ಲ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಇಟ್ಟ ಬುಟ್ಟಿ ಅದು. ತೊಗಟೆ ಒಂದು ಕಡೆ ಇದ್ದರೆ ಇನ್ನೊಂದು ಕಡೆ ನುಣ್ಣಗೆ ಹೆರೆದ ಮೈ ಇರಬೇಕು. ಎರಡೂ ಪಕ್ಕಪಕ್ಕ ಇದ್ದಾಗ ಕಣ್ಣಿಗೆ ಬೇಕು ಅಂತಲೇ ಮಾಡಿದ್ದು ಅನ್ನಿಸುತ್ತದೆ.

ನೆರಳುನಾರು

ಇದು ಒಪ್ಪುವ ಮಾತು. ಹಾಗಾದರೆ ತೊಗಟೆ ತೆಗೆಯೋದು ಹೇಗೆ? ನನ್ನ ಕೋಲುಗಳಲ್ಲಿ ಸಿಮೆಂಟ್ ಹಾಕಿ ಅಂಟಿಸಿದ ಹಾಗಿದೆ.

ಬೆಣೆ

ಒಣ ಕಾಲದಲ್ಲಿ, ಎಲೆ ಉದುರಿದ ಮೇಲೆ ಕಡಿದಿದ್ದೀರಿ ಅನ್ನಿಸುತ್ತದೆ. ಆಗ ತೊಗಟೆ ಬಿಗಿ. ರಸ ಏರುವ ಕಾಲದಲ್ಲಿ ಕಡಿದರೆ ಉಗುರಲ್ಲಿ ಎತ್ತಿದರೂ ಉದ್ದಕ್ಕೆ ಸುಲಿದು ಬರುತ್ತದೆ. ಆದರೆ ಹಾಗಂತ ಚಿಗುರುವ ಹೊತ್ತಿನಲ್ಲಿ ಕಡಿದರೆ ಬುಡಕ್ಕೆ ಪೆಟ್ಟು. ಬೇರಿನಲ್ಲಿ ಕೂಡಿಟ್ಟಿದ್ದನ್ನೆಲ್ಲ ಅದು ಆಗಷ್ಟೇ ಎಲೆಗೆ ಸುರಿದಿರುತ್ತದೆ. ಮತ್ತೆ ಚಿಗುರೋಕೆ ತ್ರಾಣ ಇರೋದಿಲ್ಲ.

ಬುಟ್ಟಿ ಹೆಣೆಯುವವರು ವಿಲ್ಲೋಗೆ ಇದರಲ್ಲಿ ಒಂದು ದಾರಿ ಕಂಡುಕೊಂಡಿದ್ದಾರೆ. ಎಲೆ ಇಲ್ಲದ ಕಾಲದಲ್ಲೇ ಕಡಿದು, ಬುಡ ಮುಳುಗುವಷ್ಟು ನೀರಲ್ಲಿ ಕಟ್ಟು ಕಟ್ಟಿ ನಿಲ್ಲಿಸುತ್ತಾರೆ. ಕಡಿದ ಕೋಲೇ ವಸಂತ ಬಂತು ಅಂದುಕೊಂಡು ಮೊಗ್ಗು ಒಡೆಯುತ್ತದೆ. ಆಗ ಸುಲಿದರೆ ಬೆಳ್ಳಗೆ ಬರುತ್ತದೆ. ಬುಡಕ್ಕೂ ತೊಂದರೆ ಇಲ್ಲ. ಸುಲಭವಾಗಿ ಚಿಗುರುವ ಬೇರೆ ಜಾತಿಯಲ್ಲೂ ಮಾಡಿ ನೋಡಬಹುದು, ಗ್ಲಿರಿಸಿಡಿಯಾ ಕೋಲು ನೆಟ್ಟರೆ ಚಿಗುರುವ ಜಾತಿ ತಾನೇ.

ಅದು ಆಗಲ್ಲ ಅಂದರೆ ಎರಡು ಹಿಡಿಯ ಕತ್ತಿಯಲ್ಲಿ ಹೆರೆಯೋದೇ. ಹಸಿ ಇರುವಾಗಲೇ ಹೆರೆಯಿರಿ. ಒಣಗಿದ ಮೇಲೆ ತೊಗಟೆ ಅಲ್ಲ, ಕೈ ಹೆರೆಯುತ್ತದೆ.

ಮೂರ್ಕಾಲಿ

ಜೋಡಣೆ ಬಗ್ಗೆ ಯಾರಾದರೂ ಹೇಳಿ. ಹಸಿ ಕೋಲಿನಲ್ಲಿ ಮಾಡಬೇಕೋ ಒಣಗಿಸಿಯೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಬೆಣೆ

ಎರಡೂ ಸರಿ. ತೂತು ಇರುವ ಕೋಲು ಅರೆಹಸಿ, ತೂತಿಗೆ ಹೋಗುವ ಕೋಲು ಪೂರ್ತಿ ಒಣ. ಇಷ್ಟೇ ಗುಟ್ಟು.

ಬಿಡಿಸಿ ಹೇಳುತ್ತೇನೆ. ಹಸಿ ಮರ ಸುಮಾರು 30 ಶೇಕಡಾ ತೇವಕ್ಕೆ ಇಳಿಯುವವರೆಗೆ ಕುಗ್ಗುವುದಿಲ್ಲ, ಅಲ್ಲಿಂದ ಕೆಳಗೆ ಕುಗ್ಗಲು ಶುರು. ಕುಗ್ಗುವುದೂ ಎಲ್ಲಾ ಕಡೆ ಒಂದೇ ಸಮ ಅಲ್ಲ. ಉಂಗುರದ ಸುತ್ತು ದಿಕ್ಕಿನಲ್ಲಿ ಎಷ್ಟು ಕುಗ್ಗುತ್ತದೋ, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಅದರ ಅರ್ಧದಷ್ಟು. ಹಾಗಾಗಿ ಹಸಿಯಲ್ಲಿ ಉರುಟಾಗಿ ಮಾಡಿದ ತುದಿ ಒಣಗಿದ ಮೇಲೆ ಮೊಟ್ಟೆಯಾಕಾರ ಆಗುತ್ತದೆ, ತೂತಿನಲ್ಲಿ ಗಡಗಡ ಅಲ್ಲಾಡುತ್ತದೆ.

ಅದಕ್ಕೆ ಅಡ್ಡಕೋಲುಗಳನ್ನು ಮೊದಲು ಹದವಾಗಿ ಹೆರೆದು, ತುದಿಯನ್ನು 2-3 ಮಿ.ಮೀ. ಜಾಸ್ತಿ ದಪ್ಪ ಬಿಟ್ಟು, ಚೆನ್ನಾಗಿ ಒಣಗಿಸಿ. ಒಂದು ಪೆಟ್ಟಿಗೆಯೊಳಗೆ ಹಳೇ ಕಾಲದ ಬಿಸಿಯಾಗುವ ಬಲ್ಬ್ ಉರಿಸಿ, ಪಕ್ಕದಲ್ಲೇ ಕಾದು, ಒಣಗಿಸುವವರಿದ್ದಾರೆ. ಒಣಗಿತಾ ಅಂತ ತಿಳಿಯಲು ತೂಗಿ ನೋಡಿ. ತೂಕ ಇಳಿಯೋದು ನಿಂತಿತು ಅಂದರೆ ಅಷ್ಟು ಒಣಗಿತು ಅಂತ. ಆಮೇಲೆ ತುದಿಯನ್ನು ಸರಿಯಾದ ಅಳತೆಗೆ ತನ್ನಿ. ಕಾಲು ಮಾತ್ರ ಕಡಿದು ಸುಲಿದು ಕೆಲವು ವಾರ ನೆರಳಲ್ಲಿಟ್ಟ ಅರೆಹಸಿ ಇರಲಿ. 15-20 ಶೇಕಡಾ ತೇವ ಇದ್ದರೆ ಹದ. ತೂತು ಕೊರೆದು ಒಣ ತುದಿಯನ್ನು ಬಡಿದು ಕೂರಿಸಿ. ಬಡಿಯುವಾಗ ಸದ್ದು ಕೇಳಿಸಿಕೊಳ್ಳಿ. ಮೊದಲು ದಬ್ ದಬ್ ಅಂತಿರುತ್ತದೆ. ತಳ ಮುಟ್ಟಿದಾಗ ಟಣ್ ಅಂತ ಗಡಸಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಏಟು ಕೊಟ್ಟರೆ ಕಾಲು ಸೀಳುತ್ತದೆ.

ಆಮೇಲಿನ ಕೆಲಸ ಮರದ್ದು. ಕಾಲಿನ ತೇವ ಒಣ ತುದಿಗೆ ಹೋಗಿ ಅದು ಉಬ್ಬುತ್ತದೆ, ಕಾಲು ಒಣಗಿ ತೂತು ಬಿಗಿಯಾಗುತ್ತದೆ. ಎರಡೂ ಕಡೆಯಿಂದ ಹಿಡಿತ. ಅಂಟು ಹಾಕಿದರೂ ಸರಿ, ಹಾಕದಿದ್ದರೂ ಸರಿ.

ಕಾಲು ಪೂರ್ತಿ ಹಸಿ ಇದ್ದರೆ ಮಾತ್ರ ಬೇಡ. ತುದಿ ವಿಪರೀತ ಉಬ್ಬಿ, ಕಾಲು ವಿಪರೀತ ಕುಗ್ಗಿ, ತೂತಿನ ಪಕ್ಕದಲ್ಲೇ ಬಾಯಿ ಬಿಡುತ್ತದೆ.

ಗಂಟುಗಳ್ಳ

ಬಾಯಿ ಬಿಡೋ ಮಾತು ಬಂತಲ್ಲ. ಉರುಟು ಕೋಲನ್ನು ಹಾಗೇ ಒಣಗಲು ಬಿಟ್ಟರೆ ಉದ್ದಕ್ಕೂ ಒಂದು ಬಿರುಕು ಬರುತ್ತದೆ. ತಪ್ಪಿಸೋಕೆ ಆಗುತ್ತಾ?

ಬೆಣೆ

ತಿರುಳು ನಡುವೆ ಇರುವ ದಪ್ಪ ಕೋಲಿನಲ್ಲಿ ತಪ್ಪಿಸೋದು ಕಷ್ಟ. ಮೇಲೆ ಹೇಳಿದ ಲೆಕ್ಕವೇ. ಸುತ್ತಳತೆ ಜಾಸ್ತಿ ಕುಗ್ಗಬೇಕು, ಒಳಗಿನ ಮೈ ಅಷ್ಟು ಕುಗ್ಗುವುದಿಲ್ಲ, ಹಾಗಾಗಿ ಎಲ್ಲೋ ಒಂದು ಕಡೆ ಒಡೆಯಲೇಬೇಕು. ಸಣ್ಣ ಕೋಲಿಗೆ ಈ ಕಾಟ ಕಮ್ಮಿ. ದಪ್ಪ ಕೋಲಾದರೆ ಸೀಳಿ ಎರಡು ಮಾಡಿ, ಬಿರುಕಿನ ಕಾರಣವೇ ಹೋಯಿತು. ಸೀಳಿದ ಅರ್ಧದ ಚಪ್ಪಟೆ ಮುಖ ಒಣಗುವಾಗ ನಡುವೆ ತುಸು ಉಬ್ಬುತ್ತದೆ, ಆಮೇಲೆ ಹೆರೆದರಾಯಿತು. ತುದಿಗಳಿಗೆ ಮೇಣವೋ ಪೇಂಟೋ ಬಳಿದು ನೆರಳಲ್ಲಿಡಿ.

ಉರುಟೇ ಬೇಕು ಅಂದರೆ ಜಪಾನಿನವರ ಉಪಾಯ ಮಾಡಿ. ಕಂಬದ ಕಾಣದ ಕಡೆ ಗರಗಸದಲ್ಲಿ ತಿರುಳು ಮುಟ್ಟುವಷ್ಟು ಉದ್ದ ಗೀರು ಹಾಕಿಬಿಡುತ್ತಾರೆ. ಬಿರುಕು ಬಂದರೂ ಅಲ್ಲೇ ಬರುತ್ತದೆ, ಗೀರು ಅಗಲ ಆಗುತ್ತದೆ ಅಷ್ಟೇ, ಕಾಣುವ ಮೂರು ಕಡೆ ನುಣ್ಣಗಿರುತ್ತದೆ. ಬಿರುಕು ಎಲ್ಲಿ ಬರಬೇಕು ಅಂತ ನೀವೇ ಜಾಗ ತೋರಿಸಿದ ಹಾಗೆ.

ನೆರಳುನಾರು

ಜಪಾನ್ ಅಂದಿರಿ, ದೈಸುಗಿ ಬಗ್ಗೆ ಹೇಳಲೇಬೇಕು. ಕ್ಯೋಟೋ ಹತ್ತಿರದ ಕಿತಾಯಾಮದಲ್ಲಿ ಸೀಡರ್ ಮರವನ್ನು ಬುಡದಲ್ಲಿ ಅಗಲವಾಗಿ ಉಳಿಸಿಕೊಂಡು, ಅದರ ಮೇಲಿಂದ ನೆಟ್ಟಗೆ ಏಳುವ ಕೊಂಬೆಗಳನ್ನು ಕಂಬದ ಹಾಗೆ ಬೆಳೆಸುತ್ತಾರೆ. ಪಕ್ಕದ ರೆಂಬೆಗಳನ್ನು ಆಗಾಗ ಸವರುವುದರಿಂದ ಗಂಟಿಲ್ಲದ, ನೇರ, ತೆಳುವಾದ ತೊಲೆ ಸಿಗುತ್ತದೆ. ಚಹಾ ಮನೆಗಳ ಮಾಡಿಗೆ ಅದೇ ಬೇಕು. ಸೂಜಿ ಎಲೆಯ ಮರಗಳು ಸಾಮಾನ್ಯವಾಗಿ ಬುಡದಿಂದ ಚಿಗುರುವುದಿಲ್ಲ, ಅದಕ್ಕೇ ಇದು ವಿಶೇಷ. ಅಲ್ಲಿ ಡಿಸೈನ್ ಶುರುವಾಗುವುದು ಡ್ರಾಯಿಂಗಿನಿಂದ ಅಲ್ಲ, ಮರ ಸವರುವ ಕತ್ತಿಯಿಂದ.

ಬುಡಚಿಗುರು

ಈ ಮಾತಿಗಾಗಿಯೇ ಕಾಯುತ್ತಿದ್ದೆ. ಮೂರ್ಕಾಲಿ ಅವರೇ, ನೀವು ಈಗ ಇರುವ ರಾಶಿ ನೋಡುತ್ತಿದ್ದೀರಿ. ಬುಡಗಳನ್ನೂ ನೋಡಿ. ಈ ವರ್ಷ ಯಾವ ಬುಡದಲ್ಲಿ ಎಷ್ಟು ಚಿಗುರು ಬಿಡುತ್ತೀರಿ ಅನ್ನೋದರ ಮೇಲೆ ಮುಂದಿನ ಕುರ್ಚಿಯ ಕಾಲು ನಿಂತಿದೆ. ಎಲ್ಲಾ ಚಿಗುರನ್ನೂ ಬಿಟ್ಟರೆ ಸಣ್ಣ ಸಣ್ಣ ಕೋಲು ಹಲವು, ಹೆಣಿಗೆಗೆ ಒಳ್ಳೇದು. ಮೂರು ನಾಲ್ಕು ಬಿಟ್ಟು ಉಳಿದದ್ದು ಚಿವುಟಿದರೆ ದಪ್ಪ ಕೋಲು ಬೇಗ. ಬುಡಗಳು ಹತ್ತಿರ ಹತ್ತಿರ ಇದ್ದರೆ ಬೆಳಕು ಹುಡುಕಿಕೊಂಡು ಕೋಲು ನೆಟ್ಟಗೆ ಏಳುತ್ತದೆ. ದೂರ ಇದ್ದರೆ ಪಕ್ಕಕ್ಕೆ ಹರಡಿ ರೆಂಬೆ, ರೆಂಬೆಗೊಂದು ಗಂಟು. ಬುಟ್ಟಿಯ ವಿಲ್ಲೋ ವರ್ಷವರ್ಷವೂ ಕಡಿಯುತ್ತಾರೆ, ಬೇಲಿಗೂಟದ ಚೆಸ್ಟ್‌ನಟ್ 12-20 ವರ್ಷಕ್ಕೊಮ್ಮೆ. ಅದೇ ಬುಡ, ಬೇರೆ ವರ್ಷ, ಬೇರೆ ಸಾಮಾನು.

ಇದು ಇವತ್ತು ನಿನ್ನೆಯದಲ್ಲ. ಇಂಗ್ಲೆಂಡಿನ ಸಾಮರ್ಸೆಟ್‌ನ ಜೌಗಿನಲ್ಲಿ ಸ್ವೀಟ್ ಟ್ರ್ಯಾಕ್ ಅನ್ನುವ ಮರದ ಕಾಲುದಾರಿ 1970ರಲ್ಲಿ ಸಿಕ್ಕಿತು. ಉಂಗುರ ಎಣಿಸಿ ನೋಡಿದರೆ ಅದಕ್ಕೆ ಮರ ಕಡಿದದ್ದು ಕ್ರಿ.ಪೂ. 3807-3806ರ ಸುಮಾರಿಗೆ. ಗೂಟಗಳನ್ನು ಕತ್ತರಿಯಾಕಾರದಲ್ಲಿ ನೆಲಕ್ಕೆ ಹೊಡೆದು, ಆ ಕವಲಿನಲ್ಲಿ ಓಕ್ ಹಲಗೆ ಕೂರಿಸಿದ್ದಾರೆ. ಗೂಟಗಳಲ್ಲಿ ಹೇಜಲ್‌ನಂಥ ಬುಡದಿಂದ ಎದ್ದ ನೇರ ಕೋಲುಗಳೂ ಇವೆ. ಗೂಟಕ್ಕೆ ಸಣ್ಣ ಕೋಲು, ನಡೆಯಲು ಸೀಳಿದ ಹಲಗೆ. ಯಾವ ಮರ ಯಾವುದಕ್ಕೆ ಅಂತ ಅವರಿಗೆ ಗೊಂದಲ ಇದ್ದ ಹಾಗೆ ಕಾಣುವುದಿಲ್ಲ.

ಡೊಂಕುಬಾಲ

ನೇರ ನೇರ ಅಂತ ಎಲ್ಲರೂ ಹೇಳುತ್ತಿದ್ದೀರಿ. ನನಗೆ ಡೊಂಕೇ ಇಷ್ಟ.

ಕೂಳೆ ಕೋಲು ಬುಡದ ಪಕ್ಕದಿಂದ ಹುಟ್ಟಿ ಮೇಲಕ್ಕೆ ತಿರುಗುತ್ತದೆ, ಹಾಗಾಗಿ ತಳದಲ್ಲಿ ಯಾವಾಗಲೂ ಒಂದು ಬಾಗು ಇರುತ್ತದೆ. ಎಲ್ಲರೂ ಆ ಅಡಿ ಉದ್ದದ ಬಾಗನ್ನು ಕತ್ತರಿಸಿ ಬಿಸಾಡುತ್ತಾರೆ. ಅದು ಗೋಡೆಯ ಕೊಕ್ಕೆ, ಊರುಗೋಲಿನ ಹಿಡಿ, ಶೆಲ್ಫಿನ ಆಧಾರ, ಕುರ್ಚಿಯ ಹಿಂಗಾಲು. ಎಳೆ ಬಾಗಿನ ಜೊತೆಗೇ ತಿರುಗಿರುವುದರಿಂದ ಯಾವ ಜೋಡಣೆಗಿಂತಲೂ ಗಟ್ಟಿ. ಮರದ ಹಡಗುಗಳ ಮೂಲೆಗೆ ಇಂಥ ಸಹಜ ಬಾಗಿನ ತುಂಡುಗಳನ್ನೇ ಹುಡುಕಿ ಹಾಕುತ್ತಿದ್ದರು.

ಒಂದು ಎಚ್ಚರಿಕೆ. ಓರೆಯಾಗಿ ಬೆಳೆದ ಕೋಲಿನ ಮೇಲ್ಬದಿಯಲ್ಲಿ ಎಳೆತದ ಮರ, ಅಂದರೆ ಕೋಲನ್ನು ಮೇಲಕ್ಕೆ ಎಳೆದು ಹಿಡಿಯುವ ಮರ, ಇರುತ್ತದೆ. ಹೆರೆದರೆ ನಾರು ನಾರು ಏಳುತ್ತದೆ, ಒಣಗುವಾಗ ಇನ್ನಷ್ಟು ಬಾಗುತ್ತದೆ. ಕೊಕ್ಕೆಗೆ ಪರವಾಗಿಲ್ಲ, ಅಳತೆ ಬೇಕಾದ ಕಡೆ ಒಣಗಿದ ಮೇಲೆಯೇ ಮುಟ್ಟಿ.

ಕವಲುಗಳ ಕತೆ ಇನ್ನೂ ಚೆಂದ. ಇಂಗ್ಲೆಂಡಿನ ಹುಕ್ ಪಾರ್ಕಿನಲ್ಲಿ ಒಂದು ವಾಸ್ತುಶಿಲ್ಪ ಶಾಲೆಯ ವಿದ್ಯಾರ್ಥಿಗಳು 2016ರಲ್ಲಿ ಒಂದು ಶೆಡ್ ಮುಗಿಸಿದರು. ಕಾಡಿನ ಬೀಚ್ ಮರದ ಕವಲುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ, ಯಾವ ಕವಲು ಎಲ್ಲಿ ಕೂತರೆ ಭಾರ ಹೊರುತ್ತದೆ ಅಂತ ಕಂಪ್ಯೂಟರಿನಲ್ಲಿ ಹೊಂದಿಸಿ, ರೋಬೋಟ್ ಕೈಯಿಂದ ಜೋಡಣೆ ಜಾಗಗಳನ್ನು ಮಾತ್ರ ಕೆತ್ತಿಸಿದರು. 20 ಕವಲು ಸೇರಿ ಒಂದು ಕಮಾನು. ಕೂಳೆ ಮರ ಅಲ್ಲ ನಿಜ. ಆದರೆ ಬುಡಚಿಗುರು ಅವರು ಮೇಲೆ ಹೇಳಿದ್ದೇ ಅಲ್ವಾ ಇದು? ಸೇರುವ ಜಾಗ ಮಾತ್ರ ಬಿಗಿ, ಉಳಿದದ್ದು ಮರ ಬೆಳೆದ ಹಾಗೆ.

ಹತ್ತರಿ

ರೋಬೋಟ್ ಇದ್ದರೆ ನಾನೂ ಡೊಂಕು ಕೋಲು ಒಪ್ಪುತ್ತೇನೆ.

ಡೊಂಕುಬಾಲ

ಮೊಬೈಲಿನಲ್ಲಿ ಫೋಟೋ ತೆಗೆದು ಅದರ ಮೇಲೆ ಗೆರೆ ಎಳೆಯೋದೂ ಅದೇ ಕೆಲಸ ಸರ್, ನಿಮಗೆ ಹತ್ತರಿ ಬಿಡೋಕೆ ಮನಸ್ಸಿಲ್ಲ ಅಷ್ಟೇ.

ಗೆದ್ದಲು ವೈರಿ

ಎಲ್ಲಾ ಸರಿ, ಹುಳದ ಬಗ್ಗೆ ಯಾರೂ ಮಾತಾಡ್ತಿಲ್ಲ! ಕೂಳೆ ಕೋಲು ಅಂದರೆ ಹೆಚ್ಚು ಪಾಲು ಹೊರಗಿನ ಬಿಳಿ ಮರ, ಒಳಗಿನ ಬಲಿತ ಚೇಗು ಕಮ್ಮಿ. ಬಿಳಿ ಮರದಲ್ಲಿ ಪಿಷ್ಟ ಇರುತ್ತದೆ, ಪುಡಿ ಮಾಡುವ ಹುಳಕ್ಕೆ ಬೇಕಾದ್ದು ಅದೇ. ಸ್ಟೂಲಿನ ಕೆಳಗೆ ನುಣ್ಣನೆ ಹಿಟ್ಟು ಉದುರಿದ್ದು ಕಂಡರೆ ತಡ ಆಯ್ತು ಅಂತಲೇ ಅರ್ಥ.

ಹಸಿ ಇರುವಾಗಲೇ ಸುಲಿದು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕಲಸಿದ ನೀರಿನಲ್ಲಿ ಅದ್ದಿಡಿ. ಒಣ ಮರಕ್ಕೆ ಇದು ಒಳಗೆ ಇಳಿಯಲ್ಲ, ಹಸಿ ಮರದಲ್ಲಿ ತೇವದ ಜೊತೆ ತಾನೇ ಒಳಗೆ ಹೋಗುತ್ತದೆ. ಆದರೆ ಮಳೆ ನೀರಿಗೆ ತೊಳೆದು ಹೋಗುತ್ತದೆ, ಒಳಗಿನ ಸಾಮಾನಿಗೆ ಮಾತ್ರ ಇದು. ಊಟ ತಿಂಡಿ ಮುಟ್ಟುವ ಚಮಚ, ಬಟ್ಟಲಿಗೆ ಬೇಡವೇ ಬೇಡ.

ಹೊರಗೆ ಮಳೆಯಲ್ಲಿ ನಿಲ್ಲುವ ಸಾಮಾನಾದರೆ ಚೇಗು ಬಲಿತ ಜಾತಿಯನ್ನೇ ಆರಿಸಿ. ಚೆಸ್ಟ್‌ನಟ್ ಎಳೆ ವಯಸ್ಸಿಗೇ ಚೇಗು ಕಟ್ಟುತ್ತದೆ, ಅದಕ್ಕೇ ಅದು ಬೇಲಿಗೆ. ಬಲಿತ ಗ್ಲಿರಿಸಿಡಿಯಾ ಚೇಗೂ ಚೆನ್ನಾಗಿ ಬಾಳುತ್ತದೆ, ನಿಮ್ಮ ಕೋಲುಗಳಲ್ಲಿ ಅದು ಎಷ್ಟು ಕಟ್ಟಿದೆ ಅಂತ ತುದಿ ಕಡಿದು ನೋಡಿ. ಚೆಸ್ಟ್‌ನಟ್, ಓಕ್‌ಗೆ ಕಬ್ಬಿಣದ ಮೊಳೆ ಹೊಡೆದರೆ ಸುತ್ತ ಕಪ್ಪು ಕಲೆ. ಆ ಮರಗಳ ಒಗರಿಗೂ ಕಬ್ಬಿಣಕ್ಕೂ ಆಗಿ ಬರಲ್ಲ.

ಮೂರ್ಕಾಲಿ

ತುಂಬಾ ಉಪಯೋಗ ಆಯ್ತು. ರಾಶಿ ಮಾಡಿ ನೋಡಿದೆ. ದೊಡ್ಡ ರಾಶಿ 25-30ರದ್ದು, ಎರಡನೇದು 20-25ರದ್ದು, 40ರ ಹತ್ತಿರ ಇರುವುದು ಬೆರಳೆಣಿಕೆ. ಹಾಗಾಗಿ ಈಗಿನ ಯೋಚನೆ: ಮೂರು ಕಾಲಿನ ಸ್ಟೂಲ್, ಕಾಲಿಗೆ 40ರ ಹಿಪ್ಪುನೇರಳೆ, ಕೂರಲು ಒಣ ತೇಗದ ಹಲಗೆ. ಕಾಲಿನ ತುದಿಯನ್ನು ಒಣಗಿಸಿ 25 ಮಾಡಿ ಹಲಗೆಯ ಆಚೆ ತೂರಿಸಿ ಬೆಣೆ ಹೊಡೆಯುವುದು. ಶೆಲ್ಫಿಗೆ 25-30ರ ಕೋಲುಗಳನ್ನೇ ಪಕ್ಕಪಕ್ಕ ಜೋಡಿಸಿ ತಟ್ಟು. ಆಧಾರಕ್ಕೆ ಬುಡದ ಬಾಗು. ಇದರಲ್ಲಿ ಏನಾದರೂ ತಕರಾರಿದೆಯಾ?

ಬೆಣೆ

ಬೆಣೆ ಹಲಗೆಯ ಎಳೆಗೆ ಅಡ್ಡ ಕೂರಬೇಕು. ಎಳೆಯ ದಿಕ್ಕಿಗೇ ಹೊಡೆದರೆ ಹಲಗೆ ಅಲ್ಲಿಂದಲೇ ಎರಡು ಹೋಳು. ಕಾಲಿನ ತುದಿಯಲ್ಲಿ ಗರಗಸದ ಗೀರು ಮೊದಲೇ ಹಾಕಿ, ಗೀರಿನ ದಿಕ್ಕು ನೋಡಿಕೊಂಡೇ ಕಾಲು ಕೂರಿಸಿ.

ಬುಡಚಿಗುರು

ಮೂರು ಕಾಲು ಒಳ್ಳೆ ಯೋಚನೆ, ನೆಲ ಹೇಗಿದ್ದರೂ ಅಲ್ಲಾಡುವುದಿಲ್ಲ. ಆದರೆ ಅಂಚಿನ ಮೇಲೆ ಭಾರ ಹಾಕಿದರೆ ಮಗುಚುತ್ತದೆ, ಅದಕ್ಕೆ ಕಾಲುಗಳನ್ನು ಹೊರಗೆ ಚಾಚಿಸಿ. ಕಾಲಿನ ತುದಿ ಹಲಗೆಯ ಅಂಚಿಗಿಂತ ಒಳಗೆ ಬರಬಾರದು. ಜೋಡಿಸಿದ ಮೇಲೆ ಸಮತಟ್ಟು ಮೇಜಿನ ಮೇಲಿಟ್ಟು, ಕೂರುವ ಹಲಗೆ ಮಟ್ಟ ಆಗುವವರೆಗೆ ಗಿಡ್ಡ ಕಾಲಿನ ಕೆಳಗೆ ಚಕ್ಕೆ ಕೊಡಿ. ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಅಡ್ಡ ಮಲಗಿಸಿ ಹಿಡಿದು ಮೂರೂ ಕಾಲಿನ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆಯಿರಿ. ಆ ಗೆರೆಗೆ ಕತ್ತರಿಸಿ.

ತಡಿಕೆ

ಶೆಲ್ಫಿನ ಕೋಲುಗಳನ್ನು ಒಂದರ ಬುಡದ ಪಕ್ಕ ಇನ್ನೊಂದರ ತುದಿ ಬರುವ ಹಾಗೆ ಹಿಂದೆ ಮುಂದೆ ಇಡಿ. ಎಲ್ಲಾ ಬುಡ ಒಂದೇ ಕಡೆ ಬಂದರೆ ತಟ್ಟು ಬೀಸಣಿಗೆ ಆಗುತ್ತದೆ.

ಹತ್ತರಿ

ಮೂರ್ಕಾಲಿ ಅವರೇ, ಆ 40ರ ಹಿಪ್ಪುನೇರಳೆಯಲ್ಲಿ ಮಿಕ್ಕಿದ ತುಂಡು ಇದ್ದರೆ ಬಿಸಾಡಬೇಡಿ. ನನ್ನ ಉಳಿಗಳಿಗೆ ಹೊಸ ಹಿಡಿ ಬೇಕು. 130 ಮಿ.ಮೀ. ಉದ್ದ ಸಾಕು, ಗಂಟಿರಬಾರದು.

ಮೂರ್ಕಾಲಿ

ಖಂಡಿತ ಇಡುತ್ತೇನೆ ಸರ್. ಚೌಕ ಮಾಡಿ ಕೊಡಲೋ, ಉರುಟಾಗೇ ಇರಲೋ?

ಹತ್ತರಿ

ಎರಡೂ ಬೇಡ, ಸೀಳಿ ಕೊಡಿ. ಉರುಟಿನಲ್ಲಿ ತಿರುಳು ನಡುವೆ ಬರುತ್ತದೆ, ಸುತ್ತಿಗೆ ಏಟಿಗೆ ಅಲ್ಲೇ ಬಿಡುತ್ತದೆ.